ಆ ವಿಡಿಯೊದಲ್ಲಿದ್ದದ್ದು ಆಯಿಯ ಕೈ

ನಮ್ಮನೆ ಹಪ್ಪಳದ ಇನ್‌ಸ್ಟಾಗ್ರಾಂ ಪುಟಕ್ಕೆ ಮೊದಲ ಮೂರು ತಿಂಗಳಲ್ಲಿ ಸಿಕ್ಕ ಫಾಲೋವರ್‌ಗಳು 43. ಅದರಲ್ಲಿ 30 ಮಂದಿ ನೆಂಟರು, ಎಂಟು ಮಂದಿ ಕಾಲೇಜಿನ ಗೆಳತಿಯರು, ಒಂದು ನನ್ನದೇ ಇನ್ನೊಂದು ಖಾತೆ. ಉಳಿದ ನಾಲ್ವರು ಯಾರೆಂದು ಇವತ್ತಿಗೂ ಗೊತ್ತಿಲ್ಲ. ಅವರಿಗೆ ನಮಸ್ಕಾರ.

ಬಿ.ಕಾಂ. ಮುಗಿಸಿ, ಬ್ಯಾಂಕ್ ಪರೀಕ್ಷೆಗೆ ಓದುತ್ತ ಮನೆಯಲ್ಲಿದ್ದ ಕಾಲ ಅದು. ಮನೆಯೆಂದರೆ ಉತ್ತರ ಕನ್ನಡದ ಸಿದ್ದಾಪುರ ತಾಲ್ಲೂಕಿನ ಒಂದು ಹಳ್ಳಿ. ಎರಡು ಸಲ ಪ್ರಿಲಿಮ್ಸ್ ದಾಟಿ ಮೇನ್ಸ್‌ನಲ್ಲಿ ಬಿದ್ದಿದ್ದೆ. ಮದುವೆ, ಮುಂಜಿಗೆ ಹೋದರೆ ‘ಈಗ ಎಂತ ಮಾಡ್ತಾ ಇದೀಯೆ?’ ಎಂದು ಕೇಳುವವರೇ ಎಲ್ಲ. ‘ಓದ್ತಾ ಇದೀನಿ’ ಎಂದರೆ ಒಂದು ‘ಓಹೋ’ ಬರುತ್ತದಲ್ಲ, ಆ ‘ಓಹೋ’ದ ಅರ್ಥ ಕೆಲಸ ಹುಡುಕುತ್ತಿರುವವರಿಗೆಲ್ಲ ಗೊತ್ತು. ಅದನ್ನು ತಪ್ಪಿಸಿಕೊಳ್ಳಲಿಕ್ಕೇ ಅರ್ಧ, ಆಯಿಗೆ ನೆರವಾಗಲಿಕ್ಕೆ ಇನ್ನರ್ಧ, ಹೀಗೆ ಪುಟ ಶುರುವಾಯಿತು.

ನಮ್ಮ ಕಡೆ ಅಮ್ಮನಿಗೆ ಆಯಿ ಎನ್ನುತ್ತೇವೆ. ಆಯಿ ಮದುವೆಯಾಗಿ ಬಂದಾಗಿನಿಂದ ಬೇಸಿಗೆಯಲ್ಲಿ ಹಲಸಿನ ಹಪ್ಪಳ ಮಾಡುತ್ತಾಳೆ. ಮೊದಲು ಮನೆಗೆ, ಆಮೇಲೆ ನೆಂಟರಿಗೆ, ಹತ್ತಾರು ವರ್ಷಗಳಿಂದ ಮಾರಾಟಕ್ಕೂ. ಪೇಟೆಯ ಒಂದು ಅಂಗಡಿಯವರು 25 ಹಪ್ಪಳದ ಕಟ್ಟಿಗೆ 75 ರೂಪಾಯಿ ಕೊಟ್ಟು ಒಯ್ಯುತ್ತಿದ್ದರು. ಅದೇ ಕಟ್ಟನ್ನು ಅವರು 130ಕ್ಕೆ ಮಾರುವುದನ್ನು ನಾನು ಕಣ್ಣಾರೆ ಕಂಡೆ. ಅಂಗಡಿಯವರಿಗೂ ಬಾಡಿಗೆ, ಕರೆಂಟು ಎಲ್ಲ ಇರುತ್ತದೆ ಎನ್ನುವುದು ಬಿ.ಕಾಂ. ಓದಿದ ನನಗೆ ತಿಳಿಯದ್ದಲ್ಲ. ಆದರೂ ಒಂದು ಕಟ್ಟಿಗೆ 55 ರೂಪಾಯಿ ಎನ್ನುವುದು ತಲೆಯಲ್ಲಿ ಕೂತುಬಿಟ್ಟಿತು.

ಹಲಸಿನ ಹಪ್ಪಳ ಕಂಡಿರದವರಿಗೆ ಎರಡು ಮಾತು. ಬಲಿತ, ಆದರೆ ಹಣ್ಣಾಗದ ಬಕ್ಕೆ ಹಲಸಿನಕಾಯಿ ಬೇಕು. ಒಂದೆರಡು ದಿನ ಹೆಚ್ಚಾದರೆ ಸಿಹಿ ಸೇರಿ ಹಪ್ಪಳ ಕೆಂಪಾಗುತ್ತದೆ. ಎಳೆಯದಾದರೆ ಹಿಟ್ಟು ಕೂಡಿಬರುವುದಿಲ್ಲ. ಕೈಗೂ ಕತ್ತಿಗೂ ಕೊಬ್ಬರಿ ಎಣ್ಣೆ ಸವರಿಕೊಂಡು ಕಾಯಿ ಕೊಚ್ಚಬೇಕು, ಇಲ್ಲವಾದರೆ ಮೇಣ ಹಿಡಿದು ಎರಡು ದಿನ ಬಿಡುವುದಿಲ್ಲ. ತೊಳೆ ಬಿಡಿಸಿ, ಬೇಳೆ ತೆಗೆದು, ಹಬೆಯಲ್ಲಿ ಬೇಯಿಸಿ, ಬಿಸಿ ಇರುವಾಗಲೇ ಕುಟ್ಟಬೇಕು. ಉಪ್ಪು, ಮೆಣಸಿನಪುಡಿ, ಕೊತ್ತಂಬರಿ, ಇಂಗು. ಆಮೇಲೆ ಸಣ್ಣ ಉಂಡೆ ಕಟ್ಟಿ, ಎಣ್ಣೆ ಹಚ್ಚಿದ ಎರಡು ಪ್ಲಾಸ್ಟಿಕ್ ಹಾಳೆಯ ನಡುವೆ ಇಟ್ಟು ಮಣೆಯಿಂದ ಒತ್ತಿ, ಚಾಪೆಯ ಮೇಲೆ ಬಿಸಿಲಿಗೆ. ಎರಡು ಮೂರು ಬಿಸಿಲು ಸರಿಯಾಗಿ ಬೀಳಬೇಕು. ಅಷ್ಟೂ ಹೊತ್ತು ಒಬ್ಬರು ಕೋಲು ಹಿಡಿದು ಮಂಗ ಕಾಯಬೇಕು. ಆಯಿ ಮತ್ತು ಪಕ್ಕದ ಮನೆಯ ಇಬ್ಬರು ಸೇರಿದರೆ ದಿನಕ್ಕೆ 400 ಹಪ್ಪಳ. ಅಂದರೆ 16 ಕಟ್ಟು. ಈ 16 ಎನ್ನುವ ಸಂಖ್ಯೆಯನ್ನು ನೆನಪಿಡಿ. ನಾನು ಮರೆತಿದ್ದೆ.

ಪುಟ ಶುರು ಮಾಡುವ ಮೊದಲು ಒಂದು ಕೆಲಸ ಸರಿಯಾಗಿ ಮಾಡಿದ್ದೆ. ಎಫ್‌ಎಸ್‌ಎಸ್‌ಎಐ ನೋಂದಣಿ. ಮನೆಯಲ್ಲಿ ಮಾಡಿ ಮಾರುವ ತಿಂಡಿಗೂ ಅದು ಬೇಕು ಎನ್ನುವುದು ಎಷ್ಟೋ ಜನಕ್ಕೆ ಗೊತ್ತಿಲ್ಲ. ನಾನು ಮಾಡಿಸಿದಾಗ ವರ್ಷಕ್ಕೆ 12 ಲಕ್ಷದೊಳಗಿನ ವಹಿವಾಟಿನವರಿಗೆ ಶುಲ್ಕ 100 ರೂಪಾಯಿ; ಆನ್‌ಲೈನಿನಲ್ಲೇ ಆಗುತ್ತದೆ. 14 ಅಂಕಿಯ ಸಂಖ್ಯೆ ಬಂತು. ಅದನ್ನೂ, ಏನೇನು ಹಾಕಿದ್ದೇವೆ, ಎಂದು ಮಾಡಿದ್ದು, ತೂಕವೆಷ್ಟು ಎನ್ನುವುದನ್ನೂ, ಮೂಲೆಯಲ್ಲಿ ಹಸಿರು ಚುಕ್ಕೆಯನ್ನೂ ಸೇರಿಸಿ ಸಿದ್ದಾಪುರದಲ್ಲಿ ಲೇಬಲ್ ಅಚ್ಚು ಹಾಕಿಸಿದೆ. ಆಯಿ ಆ ಲೇಬಲ್ಲನ್ನು ತಿರುಗಿಸಿ ಮುರುಗಿಸಿ ನೋಡಿ, ‘ನಮ್ಮನೆ ಹಪ್ಪಳಕ್ಕೂ ನಂಬರು ಬಂತಲ್ಲೆ’ ಎಂದಿದ್ದಳು. (ನಮ್ಮ ಮನೆಮಾತು ಹವ್ಯಕ ಕನ್ನಡ, ಎಲ್ಲರಿಗೂ ತಿಳಿಯಲಿ ಎಂದು ಇಲ್ಲಿ ತುಸು ಬದಲಿಸಿ ಬರೆದಿದ್ದೇನೆ.)

ಪ್ರಚಾರದ ಪಾಠಗಳೆಲ್ಲ ಏಟು ತಿಂದೇ ಬಂದವು. ಮೊದಮೊದಲು ಫೋಟೊದ ಮೇಲೆ ಬಣ್ಣದ ಅಕ್ಷರ, ಹೂವಿನ ಚೌಕಟ್ಟು, ಇಂಗ್ಲಿಷಿನಲ್ಲಿ ಎರಡು ಸಾಲು, ಕೆಳಗೆ 25 ಹ್ಯಾಷ್‌ಟ್ಯಾಗ್. ಯಾರೂ ನೋಡಲಿಲ್ಲ. ‘ಬೆಲೆಗಾಗಿ ಮೆಸೇಜ್ ಮಾಡಿ’ ಎಂದು ಬರೆಯುವುದು ದೊಡ್ಡ ಅಂಗಡಿಯ ಲಕ್ಷಣ ಅಂದುಕೊಂಡಿದ್ದೆ. ಬೆಲೆ ಬರೆಯದಿದ್ದರೆ ಜನ ಮೆಸೇಜ್ ಮಾಡುವುದಿಲ್ಲ, ಮುಂದೆ ಹೋಗುತ್ತಾರೆ. ಒಮ್ಮೆ 500 ರೂಪಾಯಿ ಕೊಟ್ಟು ಒಂದು ಪೋಸ್ಟನ್ನು ಬೂಸ್ಟ್ ಮಾಡಿದೆ. ಯಾವ ಊರಿನವರಿಗೆ ತೋರಿಸಬೇಕು ಎನ್ನುವುದನ್ನು ಸರಿಯಾಗಿ ಆರಿಸಲಿಲ್ಲ. ರಾತ್ರಿ ಬೆಳಗಾಗುವುದರಲ್ಲಿ 600 ಲೈಕ್. ಎಲ್ಲ ದೂರದ ರಾಜ್ಯಗಳ, ಕನ್ನಡವೂ ಬಾರದ, ಹಲಸಿನ ಹಪ್ಪಳವನ್ನು ಎಂದೂ ತಿಂದಿರದ ಮಹಾನುಭಾವರದು. ಒಂದು ಕಟ್ಟೂ ಹೋಗಲಿಲ್ಲ. 500 ರೂಪಾಯಿಗೆ ಸಿದ್ದಾಪುರದ ಪೇಟೆಯಲ್ಲಿ ನಿಂತು ಹಪ್ಪಳ ಸುಟ್ಟು ಹಂಚಿದ್ದರೂ ಹತ್ತು ಗಿರಾಕಿ ಸಿಗುತ್ತಿದ್ದರು.

ನಿಜವಾಗಿ ವ್ಯಾಪಾರ ಮಾಡಿಕೊಟ್ಟದ್ದು ವಾಟ್ಸ್‌ಆ್ಯಪ್ ಸ್ಟೇಟಸ್. ‘ಇವತ್ತು ಒಣಗಿದ್ದು 12 ಕಟ್ಟು, 130 ರೂಪಾಯಿ, ಬೇಕಾದವರು ಹೇಳಿ’ ಎಂದು ಚಾಪೆಯ ಮೇಲಿನ ಹಪ್ಪಳದ ಒಂದು ಫೋಟೊ ಹಾಕಿದರೆ ಸಂಜೆಯೊಳಗೆ ಖಾಲಿ. ನೋಡುವವರು 200 ಜನ ಮಾತ್ರ. ಆದರೆ ಅವರಿಗೆಲ್ಲ ಆಯಿ ಗೊತ್ತು, ಅಥವಾ ಆಯಿ ಗೊತ್ತಿರುವವರು ಗೊತ್ತು. ಇದು ಕೈಯಲ್ಲೇ ಇದ್ದರೂ ನನಗೆ ಸಾಕೆನ್ನಿಸಲಿಲ್ಲ. 200 ಎನ್ನುವ ಸಂಖ್ಯೆಯನ್ನು ಯಾರ ಹತ್ತಿರ ಹೇಳಿಕೊಳ್ಳುವುದು? ‘ಓಹೋ’ ಎನ್ನುವವರ ಎದುರು ಹಿಡಿಯಲಿಕ್ಕೆ ಸಾವಿರ, ಲಕ್ಷ ಬೇಕಿತ್ತು.

ಅದು ಸಿಕ್ಕಿದ್ದು 2025ರ ಮೇ ಮೊದಲ ವಾರದಲ್ಲಿ. ಹದಿನೇಳು ಸೆಕೆಂಡಿನ ಒಂದು ರೀಲ್. ಆಯಿಯ ಮುಖ ಇಲ್ಲ, ಕೈ ಮಾತ್ರ. ಉಂಡೆ ಇಡುತ್ತಾಳೆ, ಮಣೆ ಒತ್ತುತ್ತಾಳೆ, ಹಾಳೆ ಬಿಡಿಸುತ್ತಾಳೆ. ಕೊನೆಯಲ್ಲಿ ಕೆಂಡದ ಮೇಲೆ ಸುಟ್ಟ ಹಪ್ಪಳವನ್ನು ಕೈಯಲ್ಲಿ ಮುರಿಯುವ ಶಬ್ದ. ಹಾಡು ಹಾಕಬೇಕೆಂದಿದ್ದೆ, ಆದರೆ ಬಿಸಿನೆಸ್ ಖಾತೆಗೆ ಸಿನಿಮಾ ಹಾಡುಗಳು ಸಿಗುವುದಿಲ್ಲ, ಅವರ ಪಟ್ಟಿಯಲ್ಲಿ ಇದ್ದ ಸಂಗೀತ ಒಂದೂ ಹಿಡಿಸಲಿಲ್ಲ. ಬೇಸರದಿಂದ ಹಾಗೇ ಬಿಟ್ಟೆ. ಮನೆಯಲ್ಲಿ ನೆಟ್‌ವರ್ಕ್ ಇಲ್ಲ, ಗುಡ್ಡ ಹತ್ತಿ ಒಂದು ಮತ್ತಿಮರದ ಬುಡದಲ್ಲಿ ನಿಂತು ಅಪ್‌ಲೋಡ್ ಮಾಡಿ ಬಂದು ಮಲಗಿದೆ. ಮೂರನೇ ದಿನ ಗುಡ್ಡ ಹತ್ತಿದಾಗ ಫೋನು ಕೈಯಲ್ಲಿ ನಿಲ್ಲಲಿಲ್ಲ, ಹಾಗೆ ನಡುಗುತ್ತಿತ್ತು. ಎರಡು ಲಕ್ಷ ಜನ ನೋಡಿದ್ದರು. ಬೆಂಗಳೂರು, ಮೈಸೂರು, ಪುಣೆಯಿಂದ ಮೆಸೇಜು. ‘ನಮ್ಮ ಅಜ್ಜಿಯ ಕೈ ನೆನಪಾಯಿತು’ ಎಂದು ಬರೆದವರೇ ಹೆಚ್ಚು.

ಆರು ದಿನದಲ್ಲಿ 263 ಜನ 412 ಕಟ್ಟು ಕೇಳಿದರು. ಎಲ್ಲರ ಹತ್ತಿರವೂ ಮುಂಗಡವಾಗಿ ಪೂರ್ತಿ ಹಣ ತೆಗೆದುಕೊಂಡೆ. ‘ಎರಡು ವಾರದಲ್ಲಿ ಕಳಿಸುತ್ತೇವೆ’ ಎಂದು ಸಿದ್ಧ ಉತ್ತರ ಮಾಡಿಟ್ಟು ಎಲ್ಲರಿಗೂ ಅದನ್ನೇ ಒತ್ತಿದೆ. ಮನೆಯಲ್ಲಿದ್ದದ್ದು 60 ಕಟ್ಟು. ಉಳಿದ 352 ಕಟ್ಟಿಗೆ ದಿನಕ್ಕೆ 16ರಂತೆ 22 ಬಿಸಿಲು ಬೇಕು. ಭಾಗಾಕಾರ ಐದನೇ ಕ್ಲಾಸಿನದು. ಬ್ಯಾಂಕ್ ಪರೀಕ್ಷೆಯಲ್ಲಿ ಇಂಥ ಲೆಕ್ಕವನ್ನು 30 ಸೆಕೆಂಡಿನಲ್ಲಿ ಮಾಡುತ್ತಿದ್ದವಳು ನಾನು. ಹಣ ಬಂದ ಸದ್ದು ಫೋನಿನಲ್ಲಿ ಟಣ್ ಟಣ್ ಎನ್ನುವಾಗ ಮಾಡಲಿಲ್ಲ.

ಆಯಿ ಒಂದು ಮಾತು ಕೇಳಿದ್ದಳು, ‘ಮಳೆ ಬಂದ್ರೆ ಎಂತ ಮಾಡ್ತೀಯೆ?’ ‘ಮಳೆ ಜೂನಿಗೆ ಆಯಿ’ ಎಂದಿದ್ದೆ.

ಅದೇ ಗಡಿಬಿಡಿಯಲ್ಲಿ ಒಬ್ಬ ‘ಸೈನಿಕ’ನ ಫೋನು ಬಂತು. ಆ ದಿನಗಳಲ್ಲಿ ಎಲ್ಲರ ಬಾಯಲ್ಲೂ ಸೈನಿಕರದೇ ಮಾತು. ಕ್ಯಾಂಟೀನಿಗೆ 40 ಕಟ್ಟು ಬೇಕು, ಹಣವನ್ನು ನಮ್ಮ ಆಫೀಸಿನಿಂದ ಹಾಕುತ್ತೇವೆ, ಒಂದು ಕ್ಯುಆರ್ ಕೋಡ್ ಕಳಿಸುತ್ತೇನೆ, ಸ್ಕ್ಯಾನ್ ಮಾಡಿ ಪಿನ್ ಒತ್ತಿ ಎಂದ. ಸಮವಸ್ತ್ರದ ಫೋಟೊ, ಗುರುತಿನ ಚೀಟಿಯ ಫೋಟೊ ಎಲ್ಲ ಕಳಿಸಿದ. ಒತ್ತಲು ಹೊರಟಿದ್ದೆ. ಗುಡ್ಡದ ಮೇಲೆ ಸಿಗ್ನಲ್ ಹೋಯಿತು. ಮನೆಗೆ ಇಳಿಯುವಾಗ ತಲೆ ಓಡಿತು: ಹಣ ಬರಲಿಕ್ಕೆ ಪಿನ್ ಯಾಕೆ? ಪಿನ್ ಬೇಕಾಗುವುದು ಹಣ ಹೋಗಲಿಕ್ಕೆ. ಸಣ್ಣ ವ್ಯಾಪಾರ ಮಾಡುವವರಿಗೆ ಈ ವೇಷದ ಕರೆ ಬರುವುದು ಮಾಮೂಲು ಎಂದು ಆಮೇಲೆ ತಿಳಿಯಿತು. ನೀವೇನಾದರೂ ಪಿನ್ ಒತ್ತಿಬಿಟ್ಟಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ, ಅದು ಸೈಬರ್ ವಂಚನೆಯ ಸಹಾಯವಾಣಿ. ಮೋಸ ಹೋಗದ ಹೆಮ್ಮೆಯಲ್ಲಿ ಆವತ್ತು ಗೆಳತಿಯರ ಗ್ರೂಪಿನಲ್ಲಿ ಉದ್ದನೆಯ ಎಚ್ಚರಿಕೆ ಬರೆದಿದ್ದೆ. ಅದನ್ನು ಈಗ ಓದಿದರೆ ಮುಜುಗರವಾಗುತ್ತದೆ. ಯಾಕೆಂದರೆ ಅದಾದ ಎರಡು ವಾರಕ್ಕೆ ಮೋಸ ಮಾಡಿದವಳು ನಾನೇ.

ಆ ವರ್ಷದ ಮಳೆ ನೆನಪಿರಬಹುದು. ಮುಂಗಾರು ಮೇ 24ಕ್ಕೇ ಕೇರಳ ಮುಟ್ಟಿತು. 2009ರ ನಂತರ ಅಷ್ಟು ಬೇಗ ಬಂದದ್ದು ಅದೇ ಮೊದಲು. ನಮ್ಮಲ್ಲಿ ಅದಕ್ಕೂ ಮೊದಲೇ ಗುಡುಗು, ಸಿಡಿಲು, ಸಂಜೆಯ ಮಳೆ. ಮೇ 18ರ ಹೊತ್ತಿಗೆ ಸಿಕ್ಕಿದ್ದು ಹತ್ತು ಬಿಸಿಲು, 160 ಕಟ್ಟು. ಮನೆಯಲ್ಲಿದ್ದ 60 ಸೇರಿಸಿ 220 ಕಟ್ಟುಗಳನ್ನು 148 ಜನರಿಗೆ ಕಳಿಸಿದೆವು. ಹಪ್ಪಳ ಒಡೆಯದಂತೆ ಗಟ್ಟಿ ರಟ್ಟಿನ ಪೆಟ್ಟಿಗೆ, ಒಳಗೆ ಹಳೆಯ ಪೇಪರು. ಅಂಚೆ ಕಚೇರಿಯವರು ನನ್ನನ್ನು ಕಂಡರೆ ಪಕ್ಕದ ಬಾಗಿಲಿನಿಂದ ಹೋಗುವಷ್ಟು ಪಾರ್ಸೆಲ್ಲು. ಆಮೇಲೆ ಆಕಾಶ ಮುಚ್ಚಿತು, ಮತ್ತೆ ತೆರೆಯಲೇ ಇಲ್ಲ.

ಇನ್ನೂ 192 ಕಟ್ಟು ಬಾಕಿ. ಒಲೆಯ ಮೇಲಿನ ಅಟ್ಟದಲ್ಲಿ ಹಾಕಿ ನೋಡಿದೆವು, ಹೊಗೆ ವಾಸನೆ ಹಿಡಿಯಿತು. ಅಡಿಕೆ ಒಣಗಿಸುವ ಡ್ರೈಯರ್ ಇರುವವರ ಮನೆಗೆ ಒಯ್ದೆವು, ಅಂಚು ಸುಟ್ಟು ನಡುವೆ ಹಸಿ ಉಳಿಯಿತು. ಬೂಸಲು ಬಂದ ಎರಡು ದಿನದ ಹಪ್ಪಳವನ್ನು ಆಯಿ ದನಕ್ಕೆ ಹಾಕಿದಳು. ಅತ್ತ ಫೋನು. ‘ಎರಡು ವಾರ ಆಯ್ತಲ್ಲ?’ ‘ಟ್ರ್ಯಾಕಿಂಗ್ ನಂಬರ್ ಕಳಿಸಿ.’ ‘ಹಣ ತಗೊಂಡು ಉತ್ತರ ಕೊಡದಿರುವುದು ಸರಿಯೇ?’ ರೀಲಿನ ಕೆಳಗೇ ಒಬ್ಬರು ಬರೆದರು, ‘ಇವರದು ಬರೀ ವಿಡಿಯೊ, ಹಪ್ಪಳ ಬರುವುದಿಲ್ಲ.’ ಅದಕ್ಕೆ 80 ಲೈಕ್. ಆಗ ನಾನು ನೋಡಿದ್ದು ಆ 80ನ್ನು ಮಾತ್ರ. ‘ಮಳೆ ಬಂತು, ಆಗಲಿಲ್ಲ, ಹಣ ವಾಪಸ್’ ಎಂದು ಒಂದು ಸಾಲು ಬರೆದಿದ್ದರೆ ಮುಗಿಯುತ್ತಿತ್ತು. ಆದರೆ ಎರಡು ಲಕ್ಷ ಜನ ನೋಡಿದ ಪುಟ ಸೋತಿತು ಎಂದು ಬರೆಯಲು ಕೈ ಬರಲಿಲ್ಲ.

ಬೇರೆ ಊರಿನ ಒಬ್ಬರು ಹಲಸಿನ ಹಪ್ಪಳವನ್ನು ಸಗಟಾಗಿ ಮಾರುತ್ತಾರೆ ಎಂದು ಗೊತ್ತಿತ್ತು. ಬ್ಯಾಂಕ್ ಪರೀಕ್ಷೆಯ ಪುಸ್ತಕ ತರುತ್ತೇನೆ ಎಂದು ಆಯಿಗೆ ಹೇಳಿ ಬಸ್ಸು ಹತ್ತಿದೆ. 110 ಕಟ್ಟಿನಷ್ಟು ಬಿಡಿ ಹಪ್ಪಳ, ಕಟ್ಟಿಗೆ 80ರಂತೆ. ಅದು ಕೆಟ್ಟ ಹಪ್ಪಳವಲ್ಲ. ಅವರೂ ಕಷ್ಟಪಟ್ಟೇ ಮಾಡಿದ್ದು. ಅಕ್ಕಿಹಿಟ್ಟು ಸೇರಿಸಿದ್ದೇವೆ ಎಂದು ಅವರೇ ಹೇಳಿದರು, ಮುಚ್ಚಿಡಲಿಲ್ಲ. ಮುಚ್ಚಿಟ್ಟವಳು ನಾನು. ಪೇಟೆಯಲ್ಲಿ ಗೆಳತಿಯ ರೂಮಿನಲ್ಲಿ ಕೂತು 25ರಂತೆ ಕಟ್ಟಿ, ನಮ್ಮ ಲೇಬಲ್ ಅಂಟಿಸಿದೆ. ಹಲಸು, ಉಪ್ಪು, ಮೆಣಸು, ಕೊತ್ತಂಬರಿ, ಇಂಗು. ಅಕ್ಕಿಹಿಟ್ಟಿನ ಹೆಸರಿಲ್ಲ. ಕೆಳಗೆ ನಮ್ಮ ಮನೆಯ 14 ಅಂಕಿಯ ನಂಬರು. 64 ಜನರಿಗೆ 102 ಕಟ್ಟು ಅಲ್ಲಿಂದಲೇ ಅಂಚೆಗೆ ಹೋಯಿತು. ಉಳಿದ ಎಂಟು ಕಟ್ಟುಗಳನ್ನು ಮನೆಗೆ ತಂದು ನನ್ನ ಕೋಣೆಯ ಮಂಚದ ಕೆಳಗೆ ಇಟ್ಟೆ. ಆ ರಾತ್ರಿ ನನಗೆ ಚೆನ್ನಾಗಿಯೇ ನಿದ್ದೆ ಬಂತು. ಇದನ್ನು ಬರೆಯದೆ ಬಿಡಬಹುದಿತ್ತು, ಆದರೆ ನಿಜ.

ಒಂದು ವಾರಕ್ಕೆ ಮನೆಯ ಲ್ಯಾಂಡ್‌ಲೈನಿಗೆ ಹುಬ್ಬಳ್ಳಿಯಿಂದ ಫೋನು ಬಂತು. ಹತ್ತು ವರ್ಷದಿಂದ ಆಯಿಯ ಹಪ್ಪಳ ತರಿಸುವ ನಿವೃತ್ತ ಟೀಚರು. ನಾನು ಅವರನ್ನೂ ಆ 64ರಲ್ಲಿ ಸೇರಿಸಿದ್ದೆ. ಆಯಿ ಫೋನಿನ ಹತ್ತಿರ, ನಾನು ಅಡುಗೆಮನೆಯ ಬಾಗಿಲಲ್ಲಿ. ಅವರ ಧ್ವನಿ ದೊಡ್ಡದು, ಎಲ್ಲ ಕೇಳುತ್ತಿತ್ತು. ‘ಅಕ್ಕಾವ್ರ, ಈ ಸಲದ ಹಪ್ಪಳ ನಿಮ್ಮ ಕೈದಲ್ಲರಿ. ಅಂಚ್ಯಾಗ ಯಾರ್ದೋ ಬದಲಾಗಿ ಬಂದಾವೇನು ನೋಡ್ರಿ. ಪಾಪ, ನಮ್ಮವು ಯಾರಿಗೆ ಹೋಗ್ಯಾವೋ.’

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಅವರಿಗೆ ನಮ್ಮ ಮೇಲೆ ಅನುಮಾನವೇ ಬಂದಿರಲಿಲ್ಲ.

ಆಯಿ ‘ಕೇಳಿ ಹೇಳ್ತೇನೆ’ ಎಂದು ಫೋನಿಟ್ಟಳು. ನನ್ನನ್ನು ಏನೂ ಕೇಳಲಿಲ್ಲ. ಕೋಣೆಗೆ ಹೋಗಿ ಮಂಚದ ಕೆಳಗಿಂದ ಒಂದು ಕಟ್ಟು ತಂದಳು. ಅಲ್ಲಿದೆ ಎಂದು ಹೇಗೆ ಗೊತ್ತಾಯಿತೋ. ಒಂದು ಹಪ್ಪಳ ತೆಗೆದು ಒಲೆಯ ಕೆಂಡಕ್ಕೆ ಹಿಡಿದಳು, ಮುರಿದಳು, ಒಂದು ಚೂರು ಬಾಯಿಗೆ ಹಾಕಿಕೊಂಡಳು. ಆಮೇಲೆ ಲೇಬಲ್ ಓದಿದಳು, ಕನ್ನಡಕ ಹಾಕಿಕೊಂಡು, ಪೂರ್ತಿ.

‘ಎಷ್ಟು ಜನಕ್ಕೆ ಹೋಯ್ತು?’

‘64.’

‘ಆ ವಿಡಿಯೊದಲ್ಲಿ ಇರೋದು ನನ್ನ ಕೈ ಅಲ್ದನೇ?’

ಅಷ್ಟೇ. ಮತ್ತೆ ಆ ವಿಷಯವಾಗಿ ಅವಳು ಬೈದದ್ದೇ ಇಲ್ಲ. ಮಾರನೇ ದಿನ ಬೆಳಿಗ್ಗೆ ಕೊಡೆ ಹಿಡಿದು ನನ್ನ ಜೊತೆ ಗುಡ್ಡ ಹತ್ತಿದಳು. ಮೊಣಕಾಲು ನೋವಿನ ಹೆಂಗಸು, ಜಾರುವ ದಾರಿ. ಮತ್ತಿಮರದ ಬುಡದಲ್ಲಿ ಒಂದು ಗೋಣಿಚೀಲ ಹಾಸಿ ಕೂತು, ‘ಒಬ್ಬೊಬ್ಬರಿಗೇ ಫೋನ್ ಮಾಡಿ ಹೇಳು. ಮೆಸೇಜು ಬೇಡ’ ಎಂದಳು. ಮೊದಲ ಫೋನು ಹುಬ್ಬಳ್ಳಿಗೆ. ನಾನು ಹೇಳಿ ಮುಗಿಸಿದ ಮೇಲೆ ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ‘ಆತು ಬಿಡವಾ. ಹೇಳಿದೆಲ್ಲ’ ಎಂದರು. ಆಮೇಲೆ, ‘ಅವ್ವಗ ಫೋನ್ ಕೊಡು’ ಎಂದರು. ಅವರಿಬ್ಬರು ಮಾತಾಡಿದ್ದು ಹಲಸಿನ ವಿಷಯವಲ್ಲ, ಮೊಣಕಾಲು ನೋವಿನ ವಿಷಯ.

ನಾಲ್ಕು ದಿನ ಹಿಡಿಯಿತು. ಎಲ್ಲರೂ ಹುಬ್ಬಳ್ಳಿಯ ಟೀಚರಿನಂತಿರುವುದಿಲ್ಲ. ಒಬ್ಬರು ‘ನಿಮ್ಮಂಥವರಿಂದಲೇ ಹಳ್ಳಿಯವರ ಮೇಲೂ ನಂಬಿಕೆ ಹೋಗುವುದು’ ಎಂದರು. ಒಬ್ಬರು ದೂರು ಕೊಡುತ್ತೇನೆ ಎಂದರು. ಕೊಡಬಹುದಿತ್ತು, ಇನ್ನೊಬ್ಬರ ಮಾಲಿಗೆ ನಮ್ಮ ಲೇಬಲ್ ಅಂಟಿಸುವುದು ತಪ್ಪು ಮಾತ್ರವಲ್ಲ, ಕಾನೂನಿನ ಲೆಕ್ಕದಲ್ಲಿ ಅಪರಾಧವೂ ಹೌದು. ಒಬ್ಬ ಹುಡುಗ ‘ನನಗೆ ಗೊತ್ತೇ ಆಗಲಿಲ್ಲ, ಚೆನ್ನಾಗೇ ಇತ್ತಲ್ಲ’ ಎಂದ. ಅದು ಯಾಕೋ ಬೈಗುಳಕ್ಕಿಂತ ಹೆಚ್ಚು ತಾಗಿತು. 64ರಲ್ಲಿ 19 ಮಂದಿ ಹಣ ಬೇಡವೆಂದರು. ಇನ್ನೂ ಕಳಿಸದಿದ್ದ 51 ಜನಕ್ಕೆ ಅಂಚೆ ಖರ್ಚೂ ಸೇರಿಸಿ ವಾಪಸ್ ಹಾಕಿದೆ. ಎಲ್ಲರೂ ತೆಗೆದುಕೊಂಡಿದ್ದರೆ ಒಟ್ಟು 28,020 ರೂಪಾಯಿ ಆಗುತ್ತಿತ್ತು. ನಾವು ಸರಿಯಾಗಿ ಕಳಿಸಿದ 220 ಕಟ್ಟಿನ ಇಡೀ ಮೊತ್ತ 28,600. ಅಂದರೆ ಆ ಬೇಸಿಗೆಯಲ್ಲಿ ಮೂರು ಹೆಂಗಸರು ಬೆನ್ನು ಬಗ್ಗಿಸಿ ದುಡಿದು ತಂದಷ್ಟೇ, ಹೆಚ್ಚುಕಡಿಮೆ, ವಾಪಸಿನ ಮೊತ್ತವೂ. ಪಕ್ಕದ ಮನೆಯ ಇಬ್ಬರಿಗೆ ಕೊಡಬೇಕಾದ ಕೂಲಿಗೆ ನನ್ನ ಕೋಚಿಂಗ್ ದುಡ್ಡು ಹೋಯಿತು.

ಪುಟದಲ್ಲೂ ಬರೆದೆ. ಹಾಡಿಲ್ಲ, ಚಿತ್ರವಿಲ್ಲ, ಬರೀ ಅಕ್ಷರ: ಎಷ್ಟು ಕಟ್ಟು ನಮ್ಮದಲ್ಲ, ಯಾವ ದಿನಾಂಕದ ಪಾರ್ಸೆಲ್ಲು, ಹಣಕ್ಕೆ ಯಾರನ್ನು ಕೇಳಬೇಕು. ಅದನ್ನು ನೋಡಿದವರು 3,000 ಜನ. ಹಪ್ಪಳ ಮುರಿಯುವ ಶಬ್ದಕ್ಕೆ ಎರಡು ಲಕ್ಷ, ತಪ್ಪು ಒಪ್ಪಿಕೊಂಡದ್ದಕ್ಕೆ ಮೂರು ಸಾವಿರ. ಇದರ ಬಗ್ಗೆ ನನಗೆ ದೂರಿಲ್ಲ. ಅದರ ಲೆಕ್ಕವೇ ಬೇರೆ. ಯಾವುದನ್ನು ಜನ ನಿಂತು ನೋಡುತ್ತಾರೋ ಅದನ್ನು ಇನ್ನಷ್ಟು ಜನಕ್ಕೆ ತೋರಿಸುತ್ತದೆ. ಮನೆಯಲ್ಲಿ ಎಷ್ಟು ಕಟ್ಟಿದೆ, ನಾಳೆ ಬಿಸಿಲಿದೆಯೇ ಎಂದು ಅದು ಕೇಳುವುದಿಲ್ಲ. ಕೇಳಬೇಕಾಗಿದ್ದವಳು ನಾನು.

ಜುಲೈನಲ್ಲಿ ಇನ್ನೊಂದು ಭಯ. ಯುಪಿಐ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ನೋಟಿಸ್ ಕೊಟ್ಟ ಸುದ್ದಿ ಬಂತಲ್ಲ, ಬೆಂಗಳೂರಿನ ಅಂಗಡಿಗಳಲ್ಲಿ ‘ಯುಪಿಐ ಇಲ್ಲ, ನಗದು ಮಾತ್ರ’ ಎಂಬ ಚೀಟಿ ಕಂಡವಲ್ಲ, ಆಗ ಆಯಿ ಕಂಗಾಲು. ‘ಅಷ್ಟು ಜನ ಫೋನಲ್ಲೇ ದುಡ್ಡು ಹಾಕಿದಾರೆ, ನಮಗೂ ಬರ್ತದನೇ?’ ಇಲ್ಲಿ ಮಾತ್ರ ನನ್ನ ಬಿ.ಕಾಂ. ಕೆಲಸಕ್ಕೆ ಬಂತು. ಸರಕು ಮಾರುವವರಿಗೆ ಜಿಎಸ್‌ಟಿ ನೋಂದಣಿಯ ಮಿತಿ ವರ್ಷಕ್ಕೆ 40 ಲಕ್ಷ. ನಮ್ಮದು ಅದರ ಮೂಲೆಗೂ ಇಲ್ಲ. ಅಲ್ಲದೆ ಹಪ್ಪಳಕ್ಕೆ ಜಿಎಸ್‌ಟಿಯೇ ಇಲ್ಲ. 2021ರಲ್ಲಿ ದುಂಡು ಹಪ್ಪಳಕ್ಕೆ ತೆರಿಗೆಯಿಲ್ಲ, ಚೌಕದ್ದಕ್ಕೆ ಇದೆಯಂತೆ ಎಂದು ಟ್ವಿಟರ್‌ನಲ್ಲಿ ಗದ್ದಲವೆದ್ದು, ಆಕಾರ ಯಾವುದಾದರೂ ಇಲ್ಲ ಎಂದು ಕೇಂದ್ರದ ಪರೋಕ್ಷ ತೆರಿಗೆ ಮಂಡಳಿಯೇ ಅಲ್ಲಿ ಸ್ಪಷ್ಟಪಡಿಸಬೇಕಾಯಿತು. ಇದನ್ನು ಹೇಳಿದರೆ ಆಯಿ ನಕ್ಕಳು. ಮೇ ತಿಂಗಳ ನಂತರ ಅವಳು ನಕ್ಕದ್ದು ಅದೇ ಮೊದಲಿರಬೇಕು.

ಪುಟವನ್ನು ಮುಚ್ಚಿಬಿಡೋಣ ಎಂದಿದ್ದೆ. ಆಯಿ ಬೇಡವೆಂದಳು. ‘ಜನಕ್ಕೆ ಗೊತ್ತಾಗೋದು ಒಳ್ಳೇದೇ. ಇದ್ದದ್ದು ಹೇಳು.’ ಈಗ ಅಲ್ಲಿ ಮುಂಗಡ ತೆಗೆದುಕೊಳ್ಳುವುದಿಲ್ಲ. ಬೇಕೆಂದವರ ಹೆಸರನ್ನು ಒಂದು ನೋಟ್‌ಬುಕ್ಕಿನಲ್ಲಿ ಸಾಲಾಗಿ ಬರೆದುಕೊಳ್ಳುತ್ತೇನೆ. ಹಪ್ಪಳ ಒಣಗಿ ಡಬ್ಬಿ ಸೇರಿದ ಮೇಲೆ ಸಾಲಿನ ಪ್ರಕಾರ ಮೆಸೇಜು, ಆಮೇಲೆ ಹಣ. ವಾಟ್ಸ್‌ಆ್ಯಪ್‌ನಲ್ಲಿ ಒಂದು ಬ್ರಾಡ್‌ಕಾಸ್ಟ್ ಪಟ್ಟಿ ಮಾಡಿದ್ದೇನೆ. ಅದರಲ್ಲಿ ಕಳಿಸಿದ್ದು ನಮ್ಮ ನಂಬರನ್ನು ಸೇವ್ ಮಾಡಿಕೊಂಡವರಿಗೆ ಮಾತ್ರ ತಲುಪುತ್ತದೆ. ಮೊದಲು ಇದನ್ನು ಕೊರತೆ ಅಂದುಕೊಂಡಿದ್ದೆ. ಈಗ, ಹೆಸರು ಹಾಕಿ ಉಳಿಸಿಕೊಂಡವರಿಗೆ ಮಾತ್ರ ಸಾಕು ಅನ್ನಿಸುತ್ತದೆ. ಪಟ್ಟಿಯಲ್ಲಿ 171 ಜನ ಇದ್ದಾರೆ. ಆ 64ರಲ್ಲಿ 22 ಜನ ಮತ್ತೆ ಬಂದಿದ್ದಾರೆ. ‘ನನಗೆ ಗೊತ್ತೇ ಆಗಲಿಲ್ಲ’ ಎಂದ ಹುಡುಗನೂ ಇದ್ದಾನೆ. ಈ ಸಲ ವ್ಯತ್ಯಾಸ ನೋಡಬೇಕಂತೆ.

ಬ್ಯಾಂಕ್ ಪರೀಕ್ಷೆಯನ್ನು ಮತ್ತೆ ಬರೆದಿದ್ದೇನೆ, ಫಲಿತಾಂಶ ಬರಬೇಕು. ‘ಎಂತ ಮಾಡ್ತಾ ಇದೀಯೆ?’ ಎಂದು ಕೇಳಿದರೆ ‘ಹಪ್ಪಳ’ ಎನ್ನುತ್ತೇನೆ. ‘ಓಹೋ’ ಎನ್ನುವವರು ಈಗಲೂ ಎನ್ನುತ್ತಾರೆ.

ಹಿತ್ತಲಿನ ಎರಡು ಬಕ್ಕೆ ಮರದಲ್ಲಿ ಈಗ ಗುಜ್ಜೆ ಬಿಟ್ಟಿದೆ. ನಿನ್ನೆ ಸಂಜೆ ಆಯಿ ಮರದ ಸುತ್ತ ತಿರುಗಿ ಎಣಿಸಿ ಬಂದಳು. ‘ಮಂಗ ತಿಂದು, ಗಾಳಿಗೆ ಬಿದ್ದು, 30 ಉಳೀಬಹುದು. ಅಷ್ಟಕ್ಕೇ ಬರಕೋ’ ಎಂದಳು. ನೋಟ್‌ಬುಕ್ಕಿನ ಮೊದಲ ಪುಟದಲ್ಲಿ 30 ಎಂದು ಬರೆದು, ಅದರ ಮುಂದೆ ಕಟ್ಟಿನ ಲೆಕ್ಕ ಹಾಕಿ, ಆಯಿಗೆ ತೋರಿಸಿದೆ. ಅವಳು ಕನ್ನಡಕ ಹಾಕಿಕೊಂಡು ನೋಡಿ, ಅದರಲ್ಲೂ ಹತ್ತು ಕಟ್ಟು ಕಮ್ಮಿ ಮಾಡಿಸಿದಳು.